ಗೋಡೆ ಪ್ರಿಂಟ್ ಆಯ್ತು, ಮೇಸ್ತ್ರಿ ಎಲ್ಲಿ?

ವೀಕ್ಷಕರೇ, ಪ್ರಿಂಟ್ ಅಂದ ತಕ್ಷಣ ನಮಗೆ ನೆನಪಾಗೋದು ಏನು? ನ್ಯೂಸ್ ಪೇಪರ್ರು, ಮದುವೆಯ ಲಗ್ನಪತ್ರಿಕೆ, ಚುನಾವಣೆಯ ಕರಪತ್ರ. ಆದರೆ ಬೆಂಗಳೂರಿನ ಹಲಸೂರು ಪಕ್ಕದ ಕೇಂಬ್ರಿಡ್ಜ್ ಲೇಔಟ್‌ನಲ್ಲಿ ಒಂದು ಅಂಚೆ ಕಚೇರಿಯನ್ನೇ ಪ್ರಿಂಟ್ ಮಾಡಿ ನಿಲ್ಲಿಸಿದ್ದಾರೆ. ವಿಸ್ತೀರ್ಣ 1,021 ಚದರ ಅಡಿ. ಕಟ್ಟಿದ್ದು ಎಲ್ ಅಂಡ್ ಟಿ ಕಂಪನಿ, ತಾಂತ್ರಿಕ ಮಾರ್ಗದರ್ಶನ ಐಐಟಿ ಮದ್ರಾಸ್‌ನದು. 2023ರ ಮಾರ್ಚ್ 21ಕ್ಕೆ ಕೆಲಸ ಶುರು, ಮೇ 3ಕ್ಕೆ ಕಟ್ಟಡ ರೆಡಿ. ಅಂದರೆ 43 ದಿನ. ಖರ್ಚು ಸುಮಾರು 23 ಲಕ್ಷ ರೂಪಾಯಿ.

ಟಿವಿಗೆ ಇದಕ್ಕಿಂತ ಒಳ್ಳೆ ಸುದ್ದಿ ಬೇಕಾ? ರೋಬೋ ಬಂತು, ಕಟ್ಟಡ ಎದ್ದಿತು! ಬ್ರೇಕಿಂಗ್ ನ್ಯೂಸ್ ಹೊಡೆದು ಮುಂದಕ್ಕೆ ಹೋಗಿಬಿಡ್ತೀವಿ. ಇವತ್ತು ಹಾಗೆ ಮುಂದಕ್ಕೆ ಹೋಗೋದು ಬೇಡ. ಇದು ಹೇಗೆ ನಡೆಯುತ್ತೆ, ಯಾರ ಬದುಕಿಗೆ ತಾಕುತ್ತೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ.

ನಿಮ್ಮ ಮನೆಯಲ್ಲಿ ಚಕ್ಕುಲಿ ಒತ್ತೋದನ್ನ ನೋಡಿರ್ತೀರಿ. ಹಿಟ್ಟು ಗಟ್ಟಿಯಾದರೆ ಒರಳಿನಿಂದ ಈಚೆಗೇ ಬರೋದಿಲ್ಲ. ನೀರಾದರೆ ಸುತ್ತು ನಿಲ್ಲೋದಿಲ್ಲ, ಹರಿದುಹೋಗುತ್ತೆ. ಕಾಂಕ್ರೀಟ್ ಪ್ರಿಂಟರ್ ಕಥೆಯೂ ಅಷ್ಟೇ. ದೊಡ್ಡ ಯಂತ್ರದ ತುದಿಯಲ್ಲಿ ಒಂದು ಮೂತಿ. ಪಂಪಿನಿಂದ ಕಾಂಕ್ರೀಟ್ ಬರುತ್ತೆ, ಮೂತಿ ಗೋಡೆಯ ಗೆರೆ ಹಿಡಿದು ಓಡಾಡುತ್ತೆ, ಒಂದು ಪದರದ ಮೇಲೆ ಇನ್ನೊಂದು ಪದರ ಕೂರಿಸುತ್ತಾ ಹೋಗುತ್ತೆ. ಪೈಪಿನೊಳಗೆ ಇರೋವರೆಗೆ ಅದು ಹರೀಬೇಕು, ಹೊರಗೆ ಬಂದ ಕೂಡಲೇ ಮೇಲಿನ ಪದರದ ಭಾರ ಹೊರಬೇಕು. ಇಷ್ಟೇ ಅಲ್ಲ. ಕೆಳಗಿನ ಪದರ ಪೂರ್ತಿ ಒಣಗುವ ತನಕ ತಡ ಮಾಡಿದರೆ ಮೇಲಿನದು ಅದಕ್ಕೆ ಸರಿಯಾಗಿ ಕಚ್ಚಿಕೊಳ್ಳೋದಿಲ್ಲ, ಆ ಜಾಗದಲ್ಲೇ ಗೋಡೆ ದುರ್ಬಲ ಆಗುತ್ತೆ. ಹಾಗಾಗಿ ಇಲ್ಲಿ ಹದವೂ ಮುಖ್ಯ, ಸಮಯವೂ ಮುಖ್ಯ.

ಇದರಲ್ಲಿ ಲಾಭ ಏನು? ಗೋಡೆಗೆ ಸೆಂಟ್ರಿಂಗ್ ಹಲಗೆ ಬೇಡ. ಗೋಡೆ ನೇರ ಇರಲಿ, ಬಾಗಿರಲಿ, ಮೂತಿಗೆ ಎರಡೂ ಒಂದೇ. ಹಳೇ ಪದ್ಧತಿಯಲ್ಲಿ ಬಾಗಿದ ಗೋಡೆ ಅಂದರೆ ಹಲಗೆ ಬಗ್ಗಿಸಬೇಕು, ಕೂಲಿ ಹೆಚ್ಚು ಕೊಡಬೇಕು.

ಆದರೆ ಮೂತಿಗೆ ದಾರಿ ಹೇಳೋರು ಯಾರು? ಅಸಲಿ ವಿಷಯ ಇರೋದು ಇಲ್ಲಿ. ಅದಕ್ಕೂ ಮೊದಲು ಕಂಪ್ಯೂಟರಿನಲ್ಲಿ ಇಡೀ ಕಟ್ಟಡ ಮುಗಿದಿರಬೇಕು. ಅಲ್ಲಿ ಇಂಜಿನಿಯರು ಗೆರೆ ಎಳೆದು ಸುಮ್ಮನಾಗೋದಿಲ್ಲ, ನಿಯಮ ಬರೀತಾರೆ. ಕಿಟಕಿ ಇಷ್ಟು ಅಗಲ ಆದರೆ ಗೋಡೆ ಇಷ್ಟು ದಪ್ಪ, ಭಾರ ಇಷ್ಟಾದರೆ ಬಾಗು ಇಷ್ಟು. ಒಂದು ಅಂಕಿ ಬದಲಾಯಿಸಿ ಸಾಕು, ಇಡೀ ನಕ್ಷೆ ತಾನಾಗೇ ಬದಲಾಗುತ್ತೆ.

2021ರಲ್ಲಿ ಇಟಲಿಯ ವೆನಿಸ್‌ನಲ್ಲಿ ಹೀಗೇ ಒಂದು ಕಾಲುಸೇತುವೆ ಎದ್ದಿತು. ಹೆಸರು ಸ್ಟ್ರಿಯಾಟಸ್. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಜಹಾ ಹದೀದ್ ಸಂಸ್ಥೆಯ ವಾಸ್ತುಶಿಲ್ಪಿಗಳು ವಿನ್ಯಾಸ ಮಾಡಿದ್ದು. ಪ್ರಿಂಟ್ ಮಾಡಿದ 53 ಕಾಂಕ್ರೀಟ್ ತುಂಡುಗಳು. ಅವುಗಳೊಳಗೆ ಕಬ್ಬಿಣದ ಸರಳಿರಲಿಲ್ಲ, ಅಂಟಿಸೋಕೆ ಗಾರೆ ಇರಲಿಲ್ಲ. ಒಂದನ್ನೊಂದು ಒತ್ತಿಕೊಂಡೇ ನಿಂತಿದ್ದವು. ಭಾರ ಯಾವ ದಿಕ್ಕಿಗೆ ಇಳಿಯುತ್ತೆ ಅಂತ ಮೊದಲೇ ಲೆಕ್ಕ ಹಾಕಿ, ಪದರಗಳು ಅದಕ್ಕೆ ಅಡ್ಡಲಾಗಿ ಬರೋ ಹಾಗೆ ಓರೆಯಾಗಿ ಪ್ರಿಂಟ್ ಮಾಡಿದರು.

ಅಬ್ಬಾ ಅಂತೀರಾ? ಒಂದು ಸಲ ನಮ್ಮ ವಿಜಯಪುರಕ್ಕೆ ಹೋಗಿ ಬನ್ನಿ. ಗೋಳಗುಮ್ಮಟದೊಳಗೆ ನಿಂತು ತಲೆ ಎತ್ತಿ ನೋಡಿ. ಸುಮಾರು 44 ಮೀಟರ್ ವ್ಯಾಸದ ಗುಮ್ಮಟ, ನಡುವೆ ಒಂದೇ ಒಂದು ಕಂಬ ಇಲ್ಲ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ತಿರುಗಿಸಿ ಇಟ್ಟ ಲೆಕ್ಕದಲ್ಲಿ ಎಂಟು ಕಮಾನುಗಳನ್ನು ಒಂದಕ್ಕೊಂದು ಹೆಣೆದಿದ್ದಾರೆ, ಅವೇ ಆ ಭಾರ ಹೊತ್ತಿವೆ. 17ನೇ ಶತಮಾನದಲ್ಲಿ ಯಾವ ಕಂಪ್ಯೂಟರ್ ಇತ್ತು ರೀ? ನಿಯಮ ಇತ್ತು. ಅದು ಕಟ್ಟೋ ಜನರ ತಲೆಯಲ್ಲಿತ್ತು, ಕೈಯಲ್ಲಿತ್ತು.

ಈಗ ಆಗ್ತಿರೋ ಬದಲಾವಣೆ ಇದೇ. ಲೆಕ್ಕ ಕೆಲಸದ ಜಾಗದಿಂದ ಎದ್ದು ಕಂಪ್ಯೂಟರಿಗೆ ಹೋಗಿ ಕೂತಿದೆ. ನಮ್ಮ ಮೇಸ್ತ್ರಿ ಗುಂಡು ಇಳಿಬಿಟ್ಟು, ಕಣ್ಣಳತೆಯಲ್ಲಿ ನೋಡಿ, 'ಸಾರ್, ಇಲ್ಲಿ ಸ್ವಿಚ್ ಬೋರ್ಡ್ ಬೇಡ, ಅರ್ಧ ಅಡಿ ಆಚೆ ಹಾಕೋಣ' ಅಂತಾನಲ್ಲ, ಆ ತೀರ್ಮಾನ ಇನ್ಮೇಲೆ ಗೋಡೆ ಏಳೋಕೆ ಮುಂಚೆಯೇ ಆಗಿಬಿಡಬೇಕು. ಆಮೇಲೆ ಹೊಳೆದರೆ ಗೋಡೆ ಕೊರೆಯೋದೇ ಗತಿ.

ಹಾಗಾದರೆ ಮನುಷ್ಯರ ಕೆಲಸ ಮುಗೀತಾ? ಅಂಚೆ ಕಚೇರಿಯ ತಾರೀಕುಗಳನ್ನೇ ನೋಡಿ. ಕಟ್ಟಡ ಮುಗಿದಿದ್ದು ಮೇ 3ಕ್ಕೆ. ಉದ್ಘಾಟನೆ ಆಗಿದ್ದು ಆಗಸ್ಟ್ 18ಕ್ಕೆ. ನೀರಿನ ಸಂಪರ್ಕ, ಒಳಚರಂಡಿ, ಮಳೆನೀರಿನ ದಾರಿ, ಇವೆಲ್ಲ ಆಗಬೇಕಿತ್ತು. ಕಟ್ಟಡಕ್ಕೆ 43 ದಿನ, ಬಾಗಿಲು ತೆರೆಯೋಕೆ ಮತ್ತೆ ಮೂರೂವರೆ ತಿಂಗಳು! ಪ್ರಿಂಟರ್ ಚರಂಡಿಗೆ ಪೈಪ್ ಜೋಡಿಸೋದಿಲ್ಲ, ವೈರ್ ಎಳೆಯೋದಿಲ್ಲ, ಬಾಗಿಲು ಕೂರಿಸೋದಿಲ್ಲ. ಅದಕ್ಕೆಲ್ಲ ಜನ ಬೇಕೇ ಬೇಕು.

ಆದರೆ ಎಲ್ಲರೂ ಬೇಕಾಗೋದಿಲ್ಲ. ಈ ಮಾತನ್ನ ಮುಚ್ಚಿಡಬಾರದು. ಕಲಬುರಗಿ, ಯಾದಗಿರಿ, ರಾಯಚೂರಿನಿಂದ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಬರೋ ಕುಟುಂಬಗಳಿವೆಯಲ್ಲ, ಅವರಿಗೆ ಸಿಗೋದು ಇಟ್ಟಿಗೆ ಹೊರೋದು, ಬಾಂಡ್ಲಿಯಲ್ಲಿ ಗಾರೆ ಎತ್ತಿಕೊಡೋದು. ಯಂತ್ರ ಮೊದಲು ಕಿತ್ತುಕೊಳ್ಳೋದೇ ಆ ಕೆಲಸ. ಅದರ ಬದಲಿಗೆ ಹುಟ್ಟೋ ಕೆಲಸ ಬೇರೆ. ಕಾಂಕ್ರೀಟಿನ ಹದ ನೋಡೋದು, ಮೂತಿ ಕಟ್ಟಿಕೊಂಡರೆ ಬಿಡಿಸೋದು, ಪದರ ಜಾರುತ್ತಿದ್ದರೆ ಯಂತ್ರ ನಿಲ್ಲಿಸೋದು. ಹದ ಅಂದರೇನು ಅಂತ ಇಪ್ಪತ್ತು ವರ್ಷ ಗಾರೆ ಕಲಸಿದ ಮೇಸ್ತ್ರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಆ ಯಂತ್ರದ ಮುಂದೆ ನಿಂತು ಕಲಿಯೋ ಅವಕಾಶ ಅವನಿಗೆ ಸಿಗುತ್ತಾ?

ದುಡ್ಡಿಲ್ಲ ಅಂತ ಹೇಳೋ ಹಾಗಿಲ್ಲ. ಕಟ್ಟಡದ ವೆಚ್ಚದ ಮೇಲೆ ಸೆಸ್ ಹಾಕಿ ಕಾರ್ಮಿಕರ ಕಲ್ಯಾಣಕ್ಕೆ ಬಳಸಬೇಕು ಅಂತ 1996ರಲ್ಲೇ ಕಾನೂನು ಬಂತು. ನಮ್ಮ ರಾಜ್ಯದಲ್ಲೂ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. ಪ್ರಿಂಟ್ ಮಾಡಿದ ಕಟ್ಟಡವೂ ಕಟ್ಟಡವೇ ತಾನೆ? ಅದರಿಂದ ಬರೋ ಸೆಸ್ಸಿನಲ್ಲಿ ಅದೇ ಯಂತ್ರ ನಡೆಸೋದನ್ನ ಕಾರ್ಮಿಕರಿಗೆ, ಅವರ ಮಕ್ಕಳಿಗೆ, ಕನ್ನಡದಲ್ಲಿ ಕಲಿಸಿ. ಜಿಲ್ಲೆಜಿಲ್ಲೆಯ ಐಟಿಐಗಳಲ್ಲಿ ಕಲಿಸಿ.

ಮುಂದಿನ ಸಲ ಪ್ರಿಂಟ್ ಮಾಡಿದ ಕಟ್ಟಡಕ್ಕೆ ಮಂತ್ರಿಗಳು ಟೇಪ್ ಕತ್ತರಿಸುವಾಗ ಎಷ್ಟು ದಿನದಲ್ಲಿ ಕಟ್ಟಿದಿರಿ ಅಂತ ಎಲ್ಲರೂ ಕೇಳ್ತಾರೆ. ಇದನ್ನ ಕಟ್ಟುವಾಗ ಎಷ್ಟು ಜನಕ್ಕೆ ಹೊಸ ಕೆಲಸ ಕಲಿಸಿದಿರಿ ಅಂತ ನೀವು ಕೇಳಿ. ನಾವೂ ಕೇಳ್ತೀವಿ.