ಹೂದಾನಿಯ ಚೀಟಿ, ದಕ್ಷಿಣದ ಬೇಲಿ

ಮೆಜೆಸ್ಟಿಕ್‌ನಲ್ಲಿ ಆಟೋದವರಿಗೆ ‘ಬನಶಂಕರಿ’ ಎಂದರೆ ಸಾಲದು, ‘ಯಾವ ಸ್ಟೇಜು ಸಾರ್?’ ಎನ್ನುತ್ತಾರೆ. ಆರನೇ ಸ್ಟೇಜು ತಲಘಟ್ಟಪುರದ ಕಡೆಗಿದೆ. ಬನಶಂಕರಿ ದೇವಸ್ಥಾನಕ್ಕೂ ಅದಕ್ಕೂ ಹೆಸರಿನ ನಂಟಷ್ಟೇ. ಹಾಗಾಗಿ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಟೆಕ್ಸಾಸ್‌ನ ಡಲ್ಲಾಸ್ ತಂಡ ‘ಪೂರ್ವ’ ವಿಭಾಗದಲ್ಲಿದೆ ಎಂದರೆ ನಮ್ಮ ಏರಿಯಾದವರು ಬೆಚ್ಚಬೇಕಿಲ್ಲ.

ನಮ್ಮಲ್ಲಿ ಬೇಲಿ ಹಾಕಿದ್ದು ಭೂಪಟ. 1934ರಲ್ಲಿ ರಣಜಿ ಟ್ರೋಫಿ ಶುರುವಾದಾಗ ತಂಡಗಳು ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಹಂಚಿಹೋದವು. ಮೈಸೂರಿನ ಪಾಲಿಗೆ ಮೊದಲ ಪಂದ್ಯದಲ್ಲೇ ಮದರಾಸು. ನವೆಂಬರ್ 4ರಂದು ಚೆಪಾಕ್‌ನಲ್ಲಿ ಮೈಸೂರು 48 ಮತ್ತು 59ಕ್ಕೆ ಉರುಳಿತು, ಎ.ಜಿ. ರಾಮ್ ಸಿಂಗ್ ಒಬ್ಬರೇ 11 ವಿಕೆಟ್ ಕಿತ್ತರು. ಬೆಳಿಗ್ಗೆ ಶುರುವಾದ ಪಂದ್ಯ ಸಂಜೆಗೆ ಮುಗಿಯಿತು, ಜೊತೆಗೆ ಮೈಸೂರಿನ ಇಡೀ ವರ್ಷದ ರಣಜಿಯೂ! ಸೋತವರು ಮನೆಗೆ ಎಂಬ ಈ ಪದ್ಧತಿ ಹೋಗಿ, ವಲಯದೊಳಗೆ ಎಲ್ಲರೂ ಎಲ್ಲರೊಂದಿಗೆ ಆಡುವ ಲೀಗ್ ಬಂದದ್ದು 1957-58ರಲ್ಲಿ. ಆಗಲೂ ಮುಂದಕ್ಕೆ ಹೋಗುತ್ತಿದ್ದದ್ದು ವಲಯಕ್ಕೊಂದೇ ತಂಡ.

ಅಮೆರಿಕದಲ್ಲಿ ಫುಟ್‌ಬಾಲ್‌ನ ಎರಡು ಲೀಗುಗಳು ಒಂದಾಗಿ 26 ತಂಡಗಳಾದವು. 13ರಂತೆ ಎರಡು ಕಾನ್ಫರೆನ್ಸ್. ಅವುಗಳಲ್ಲೊಂದರ ತಂಡಗಳ ಮಾಲೀಕರು ಯಾವ ವಿಭಾಗದಲ್ಲಿ ಯಾರ ಜೊತೆ ಯಾರು ಎಂಬ ಜಗಳದಲ್ಲಿ ಸಿಕ್ಕಿಕೊಂಡರು. ಕೊನೆಗೆ ಐದು ಯೋಜನೆಗಳನ್ನು ಚೀಟಿಯಲ್ಲಿ ಬರೆದು ಹೂದಾನಿಗೆ ಹಾಕಿದರು. 1970ರ ಜನವರಿಯಲ್ಲಿ ಲೀಗ್ ಮುಖ್ಯಸ್ಥ ಪೀಟ್ ರೋಜೆಲ್ ಅವರ ಕಾರ್ಯದರ್ಶಿ ಥೆಲ್ಮಾ ಎಲ್ಕಿಯರ್ ಒಂದನ್ನು ಎತ್ತಿದರು. ಡಲ್ಲಾಸ್ ಪೂರ್ವಕ್ಕೆ, ಅಟ್ಲಾಂಟಿಕ್ ಕಡೆಯ ಅಟ್ಲಾಂಟಾ ಪಶ್ಚಿಮಕ್ಕೆ! ನಮ್ಮೂರ ಚೀಟಿ ವ್ಯವಹಾರದಲ್ಲೂ ಇಷ್ಟು ಧೈರ್ಯ ಇರುವುದಿಲ್ಲ.

ಬೇಲಿ ಹಾಕಿದ ಮೇಲೆ ಬಲವಾದ ವಿಭಾಗದಲ್ಲಿ ಎರಡನೆಯವನಾದವನ ಗತಿ ಏನು? ಅದೇ 1970ರಿಂದ ಅಲ್ಲಿ ಎರಡನೇ ಸ್ಥಾನದವರಲ್ಲಿ ಉತ್ತಮರಿಗೆ ನಾಕೌಟ್ ಪ್ರವೇಶದ ‘ವೈಲ್ಡ್ ಕಾರ್ಡ್’ ಸಿಕ್ಕಿತು. ಇಲ್ಲಿ 1970-71ರಿಂದ ಪ್ರತಿ ವಲಯದ ಮೊದಲೆರಡು ತಂಡಗಳಿಗೆ ನಾಕೌಟ್ ಬಾಗಿಲು ತೆರೆಯಿತು.

2002 ಇನ್ನೊಂದು ತಿರುವು. ಅಲ್ಲಿ 32 ತಂಡಗಳಾಗಿ, ನಾಲ್ಕರಂತೆ ಎಂಟು ವಿಭಾಗಗಳಾದವು. ಹಳೆಯ ವೈರಿಗಳಾದ ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳ ಜೊತೆ ಡಲ್ಲಾಸ್ ಪೂರ್ವದಲ್ಲೇ ಉಳಿಯಿತು. ಇಲ್ಲಿ 2002-03ರಲ್ಲಿ ರಣಜಿ ವಲಯಗಳೇ ಹೋಗಿ, ಆಟದ ಬಲ ನೋಡಿ ಹಂಚುವ ಎಲೀಟ್, ಪ್ಲೇಟ್ ಗುಂಪುಗಳು ಬಂದವು. ಆಟದ ಮಟ್ಟಕ್ಕೆ ಒಳ್ಳೆಯದೇ ಇರಬಹುದು. ಆದರೆ ಚೆಪಾಕ್‌ನಲ್ಲಿ ಶುರುವಾದ ಆ ಜಿದ್ದು, ಕರ್ನಾಟಕ-ತಮಿಳುನಾಡು ಪಂದ್ಯ, ಈಗ ಪ್ರತಿ ವರ್ಷ ಇರುತ್ತದೆಂಬ ಖಾತರಿಯಿಲ್ಲ. ಒಂದೇ ಗುಂಪಿಗೆ ಬಿದ್ದರೆ ಉಂಟು, ಇಲ್ಲದಿದ್ದರೆ ನಾಕೌಟ್‌ಗೆ ಕಾಯಬೇಕು.