ಮುಳ್ಳುಗೋರಂಟಿ

ಮುಳ್ಳುಗೋರಂಟಿಯು ಅಕ್ಯಾಂತೇಸೀ ಕುಟುಂಬಕ್ಕೆ ಸೇರಿದ, ಹಳದಿ ಹೂ ಬಿಡುವ ಬಹುವಾರ್ಷಿಕ ಕಿರುಪೊದೆ. ಇದರ ಸಸ್ಯಶಾಸ್ತ್ರೀಯ ಹೆಸರು ಬಾರ್ಲೇರಿಯ ಪ್ರಿಯೊನೈಟಿಸ್. ಭಾರತವೂ ಸೇರಿದಂತೆ ದಕ್ಷಿಣ ಏಷ್ಯಾ ಇದರ ತವರು. ಕರ್ನಾಟಕದ ಒಣ ಬಯಲುಸೀಮೆಯಲ್ಲಿ ಹೊಲದ ಬದು, ಬೇಲಿ, ಹಾಳುಗೋಡೆ ಮತ್ತು ಕಲ್ಲುಗುಡ್ಡೆಗಳ ಬದಿಯಲ್ಲಿ ತಾನಾಗಿ ಬೆಳೆಯುತ್ತದೆ. ನೀರಿನ ಅಭಾವವನ್ನು ಚೆನ್ನಾಗಿ ತಾಳಿಕೊಳ್ಳುವುದರಿಂದ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳ ಮನೆಯಂಗಳಕ್ಕೆ ಒಪ್ಪುವ ಹೂಗಿಡವಾಗಿದೆ. ಆದರೆ ಬದುವಿನ ಮೇಲೆ ಯಾರ ಆರೈಕೆಯೂ ಇಲ್ಲದೆ ಬದುಕುವ ಈ ಗಿಡ ಅಂಗಳಕ್ಕೆ ಬಂದ ಮೇಲೆ ಸಾಯುವುದುಂಟು. ಅದಕ್ಕೆ ಸಾಮಾನ್ಯ ಕಾರಣ ನೀರಿನ ಕೊರತೆಯಲ್ಲ, ನೀರಿನ ಅತಿರೇಕ.

ಹೆಸರು

ಬಾರ್ಲೇರಿಯ ಎಂಬ ಕುಲನಾಮವು 17ನೆಯ ಶತಮಾನದ ಫ್ರೆಂಚ್ ಸಸ್ಯಜ್ಞ ಜಾಕ್ ಬಾರೆಲಿಯೆಯ ಗೌರವಾರ್ಥ ಬಂದುದು. ಈ ಪ್ರಭೇದಕ್ಕೆ ಲಿನೇಯಸ್ 1753ರಲ್ಲಿ ಈಗಿನ ಹೆಸರನ್ನಿತ್ತನು. ಸಂಸ್ಕೃತದಲ್ಲಿ ಈ ಗುಂಪಿನ ಗಿಡಗಳಿಗೆ ಸೈರೇಯಕ, ಸಹಚರ ಎಂಬ ಹೆಸರುಗಳಿವೆ. ಅಮರಕೋಶವು ಹೂವಿನ ಬಣ್ಣವನ್ನು ಅನುಸರಿಸಿ ಕೆಂಪಿನದನ್ನು ಕುರವಕವೆಂದೂ ಹಳದಿಯದನ್ನು ಕುರಂಟಕವೆಂದೂ ಬೇರ್ಪಡಿಸುತ್ತದೆ. ಕಾಳಿದಾಸನ ಮೇಘದೂತದಲ್ಲಿ ಅಲಕಾಪುರಿಯ ಸ್ತ್ರೀಯರು ಮುಡಿಯಲ್ಲಿ ಧರಿಸುವುದು ಕುರವಕವನ್ನು. ಮರಾಠಿಯಲ್ಲಿ ಈ ಗಿಡಕ್ಕೆ ಕೋರಾಂಟಿ ಎನ್ನುತ್ತಾರೆ.

ಹೆಸರಿನ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. ಕರ್ನಾಟಕದ ಕೆಲವೆಡೆ ಗೋರಂಟಿ ಎಂದರೆ ಕೈಗೆ ಬಣ್ಣ ಹಚ್ಚುವ ಮದರಂಗಿ. ಅದು ಬೇರೆಯೇ ಕುಟುಂಬದ ಗಿಡ. ಆದ್ದರಿಂದ ಸಸಿ ಕೇಳುವವರು ‘ಮುಳ್ಳಿನ ಗೋರಂಟಿ, ಹಳದಿ ಹೂವಿನದು’ ಎಂದು ಬಿಡಿಸಿ ಹೇಳುವುದು ಒಳ್ಳೆಯದು.

ಲಕ್ಷಣಗಳು

ಗಿಡವು ಸಾಮಾನ್ಯವಾಗಿ 60 ಸೆಂಟಿಮೀಟರಿನಿಂದ ಒಂದೂವರೆ ಮೀಟರ್ ಎತ್ತರ ಬೆಳೆದು ಬುಡದಿಂದಲೇ ಕವಲೊಡೆಯುತ್ತದೆ. ಎಲೆಗಳು ಎದುರುಬದುರಾಗಿದ್ದು ತುದಿಯಲ್ಲಿ ಚೂಪಾಗಿರುತ್ತವೆ. ಎಲೆಯ ಕಂಕುಳಲ್ಲಿ ಸೂಜಿಯಂತಹ ನೀಳ ಮುಳ್ಳುಗಳಿರುತ್ತವೆ. ಕೊಳವೆಯಾಕಾರದ ಹೂವಿಗೆ ಐದು ಎಸಳು. ನಾಲ್ಕು ಮೇಲಕ್ಕೆ, ಒಂದು ಕೆಳಕ್ಕೆ ಬಾಗಿರುತ್ತದೆ. ಬಲಿತು ಒಣಗಿದ ಕಾಯಿ ಸಿಡಿದು ಎರಡು ಚಪ್ಪಟೆ ಬೀಜಗಳನ್ನು ದೂರಕ್ಕೆ ಎಸೆಯುತ್ತದೆ. ಇದೇ ಕುಲದ ಸ್ಫಟಿಕ ಹೂವಿನ ಗಿಡಕ್ಕೆ (ಬಾರ್ಲೇರಿಯ ಕ್ರಿಸ್ಟಾಟ) ಇಂತಹ ಸೂಜಿಮುಳ್ಳುಗಳಿಲ್ಲ. ಅದರ ಹೂ ನೇರಳೆ, ಗುಲಾಬಿ ಅಥವಾ ಬಿಳಿ. ಮುಳ್ಳಿಗೆ ಅಂಜುವವರು ಅದನ್ನು ಆರಿಸಿಕೊಳ್ಳಬಹುದು.

ಮಣ್ಣು ಮತ್ತು ನೀರು

ಬಾಗಲಕೋಟೆ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 560 ಮಿಲಿಮೀಟರ್. ಅದರಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರ್ ಸುತ್ತಮುತ್ತ ಸುರಿಯುತ್ತದೆ. ಮುಳ್ಳುಗೋರಂಟಿಗೆ ಇಷ್ಟು ಮಳೆ ಸಾಕು. ತೊಡಕಿರುವುದು ಮಣ್ಣಿನಲ್ಲಿ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಬಯಲಿನ ಎರೆಮಣ್ಣು ಜೇಡಿಯಂಶ ಹೆಚ್ಚಿರುವ ಕಪ್ಪುಮಣ್ಣು. ಮಳೆಗಾಲದಲ್ಲಿ ಅದು ಉಬ್ಬಿ ನೀರನ್ನು ಹಿಡಿದಿಡುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಉಬ್ಬಿದ ಎರೆಯಲ್ಲಿ ಗಾಳಿಯಾಡದೆ ಬೇರು ಕೊಳೆಯುತ್ತದೆ. ಬಿರುಕು ಬಿಡುವಾಗ ಎಳೆಯ ಬೇರು ಹರಿಯುತ್ತದೆ. ಬದುವಿನ ಮೇಲಿನ ಗಿಡಕ್ಕೆ ಈ ಕಷ್ಟವಿಲ್ಲ. ಬದು ಎತ್ತರದಲ್ಲಿರುತ್ತದೆ, ಅದರಲ್ಲಿ ಕಲ್ಲು ಬೆರೆತಿರುತ್ತದೆ, ನೀರು ಇಳಿದುಹೋಗುತ್ತದೆ. ಅಂಗಳದಲ್ಲಿ ಬೆಳೆಸುವವರು ಮಾಡಬೇಕಾದುದು ಆ ಬದುವಿನ ಸ್ಥಿತಿಯನ್ನು ಚಿಕ್ಕ ಪ್ರಮಾಣದಲ್ಲಿ ಒದಗಿಸುವುದಷ್ಟೇ.

ಇದಕ್ಕಾಗಿ ಸುಮಾರು ಒಂದೂವರೆ ಅಡಿ ಉದ್ದಗಲ ಆಳದ ಗುಂಡಿ ತೆಗೆದು ತಳಕ್ಕೆ ಇಟ್ಟಂಗಿಯ ಚೂರು ಅಥವಾ ಗರಸು ಹಾಕಬೇಕು. ಅದರ ಮೇಲೆ ಗರಸು, ಮಸಾರಿ ಮಣ್ಣು ಮತ್ತು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರದ ಮಿಶ್ರಣವನ್ನು ತುಂಬಿ, ನೆಲಮಟ್ಟಕ್ಕಿಂತ ಅರ್ಧ ಅಡಿಯಾದರೂ ಎತ್ತರಿಸಬೇಕು. ಪೂರ್ತಿ ಎರೆಯಿರುವ ಅಂಗಳದಲ್ಲಿ ಗುಂಡಿಯೇ ನೀರಿನ ತೊಟ್ಟಿಯಾಗುವ ಭಯವಿದ್ದರೆ, ಗುಂಡಿ ತೆಗೆಯದೆ ಒಂದು ಅಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡುವುದು ಲೇಸು. ಬಚ್ಚಲ ನೀರು ಹರಿದು ನಿಲ್ಲುವ ತಾವು ಇದಕ್ಕೆ ಒಗ್ಗುವುದಿಲ್ಲ. ಕಬ್ಬಿನ ನೀರಾವರಿಯಿಂದ ಸವಳು-ಜವಳಾದ ನೆಲದ ಪಕ್ಕದ ಮನೆಗಳಲ್ಲಿಯೂ ದಿಬ್ಬ ಅಥವಾ ಕುಂಡವೇ ಉಪಾಯ.

ರಬಕವಿ ಮತ್ತು ಬನಹಟ್ಟಿಯ ನೇಕಾರರ ಓಣಿಗಳಂತೆ ಅಂಗಳ ಇಕ್ಕಟ್ಟಾಗಿರುವಲ್ಲಿ ಒಡೆದ ಕೊಡ ಅಥವಾ ಎಣ್ಣೆಯ ಡಬ್ಬಿಯಲ್ಲಿಯೂ ಇದನ್ನು ಬೆಳೆಸಬಹುದು. ತಳದಲ್ಲಿ ಮೂರು ನಾಲ್ಕು ತೂತುಗಳಿರಬೇಕು. ಮಾಳಿಗೆಯ ಮೇಲಿನ ಕುಂಡಕ್ಕೆ ಬೇಸಿಗೆಯಲ್ಲಿ ವಾರಕ್ಕೆರಡು ಬಾರಿ ನೀರು ಬೇಕಾಗುತ್ತದೆ.

ನೆಡುವುದು ಮತ್ತು ಆರೈಕೆ

ಜೂನ್-ಜುಲೈ ತಿಂಗಳಲ್ಲಿ ಅರೆಬಲಿತ ಕೊಂಬೆಯಿಂದ ಒಂದು ಗೇಣಿಗಿಂತ ಕಡಿಮೆ ಉದ್ದದ, ಮೂರು ನಾಲ್ಕು ಗೆಣ್ಣುಗಳಿರುವ ತುಂಡನ್ನು ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಎರಡು ಗೆಣ್ಣು ಮಣ್ಣೊಳಗಿರುವಂತೆ ನೆರಳಿನಲ್ಲಿ ಊರಬೇಕು. ಬೇರು ಬಿಟ್ಟು ಚಿಗುರಿದ ಮೇಲೆ ಬಿಸಿಲಿರುವ ಜಾಗಕ್ಕೆ ಬದಲಿಸಬೇಕು. ಬೀಜದಿಂದಲೂ ಸಸಿ ಮಾಡಬಹುದು. ಕಾಯಿ ಸಿಡಿಯುವುದಕ್ಕೆ ಮುನ್ನ ತೆನೆಗೆ ತೆಳುಬಟ್ಟೆ ಕಟ್ಟಿಟ್ಟರೆ ಬೀಜ ಕೈಗೆ ಸಿಗುತ್ತದೆ. ಬದುವಿನ ಗಿಡವನ್ನು ಬುಡಸಹಿತ ಕಿತ್ತು ತರುವುದು ಸರಿಯಲ್ಲ. ಆಳಕ್ಕಿಳಿದ ಬೇರು ತುಂಡಾಗಿ ಅದು ಬದುಕುವುದು ಅಪರೂಪ, ಅತ್ತ ಬದುವೂ ಬರಿದಾಗುತ್ತದೆ. ಮುಳ್ಳುಬೇಲಿಗೆ ಬದಲಾಗಿ ತಂತಿಬೇಲಿ ಹಾಕಿ, ಬದು ಒಡೆದು ಹೊಲಗಳನ್ನು ಕೂಡಿಸಿದ ಕಡೆಗಳಲ್ಲಿ ಈ ಗಿಡದ ನೆಲೆಯೇ ಇಲ್ಲವಾಗುತ್ತದೆ. ಅಲ್ಲಿ ಹಿತ್ತಲೇ ಅದಕ್ಕೆ ಉಳಿಯುವ ಆಸರೆ.

ನೆಟ್ಟ ಮೊದಲ ಎರಡು ಮೂರು ತಿಂಗಳು ಮಳೆ ತಪ್ಪಿದಾಗ ನೀರು ಕೊಡಬೇಕು. ಬೇರೂರಿದ ಗಿಡಕ್ಕೆ ಏಪ್ರಿಲ್-ಮೇ ತಿಂಗಳಲ್ಲಿ ಹದಿನೈದು ದಿನಕ್ಕೊಂದು ಕೊಡ ಸಾಕು. ಕುಡಿಯುವ ನೀರಿಗೇ ಸರದಿ ನಿಲ್ಲುವ ಬೇಸಿಗೆಯಲ್ಲಿ ಅದನ್ನೂ ಬಿಡಬಹುದು. ಎಲೆ ಉದುರಿ ಕಡ್ಡಿಯಾಗಿ ಕಂಡರೂ ಗಿಡ ಸಾಮಾನ್ಯವಾಗಿ ಮುಂಗಾರಿಗೆ ಮತ್ತೆ ಚಿಗುರುತ್ತದೆ. ಆಗ ಒಣಗಿತೆಂದು ತಿಳಿದು ಕೀಳಬಾರದು. ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆದಾಗ ಒಳಗೆ ಹಸಿರು ಕಂಡರೆ ಜೀವವಿದೆ.

ಹೂವು ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ಬರುತ್ತದೆ. ಹೂ ಮುಗಿದ ಮೇಲೆ ಫೆಬ್ರುವರಿಯಲ್ಲಿ ಒಂದು ಅಡಿ ಉಳಿಸಿ ಕತ್ತರಿಸಿದರೆ ಗಿಡ ಒತ್ತಾಗಿ ಕವಲೊಡೆಯುತ್ತದೆ. ಯೂರಿಯಾದ ಆಸೆ ಬೇಡ. ಅದರಿಂದ ಎಲೆ ಹೆಚ್ಚಿ ಹೂ ಕಡಿಮೆಯಾಗುತ್ತದೆ. ಬೇಲಿಗಾಗಿ ನೆಡುವವರು ಎರಡು ಅಡಿ ಅಂತರ ಬಿಡಬೇಕು. ಮಕ್ಕಳು ಆಡುವ ಕಡೆ, ಬಾಗಿಲ ಬದಿಯಲ್ಲಿ ನೆಡುವುದು ತರವಲ್ಲ.

ಉಪಯೋಗ

ಹೂವಿಗೆ ಸುವಾಸನೆ ಇಲ್ಲದಿದ್ದರೂ ಪೂಜೆಗೆ ಮತ್ತು ದಂಡೆ ಕಟ್ಟಲು ಬಳಸುತ್ತಾರೆ. ಆಯುರ್ವೇದದಲ್ಲಿ ಸಹಚರವು ಮುಖ್ಯ ಮೂಲಿಕೆ. ಆದರೆ ಕೇರಳದ ವೈದ್ಯಪರಂಪರೆಯಲ್ಲಿ ಆ ಹೆಸರಿನಿಂದ ಬೇರೊಂದು ಗಿಡದ ಬೇರನ್ನು ಬಳಸುವ ರೂಢಿಯೂ ಇದೆ. ಹೆಸರೊಂದನ್ನೇ ನಂಬಿ ಹಿತ್ತಲ ಗಿಡವನ್ನು ಔಷಧಕ್ಕೆ ಬಳಸಬಾರದು. ಬಾರ್ಲೇರಿಯ ಗಿಡಗಳ ಎಲೆ ಜುನೋನಿಯ ಲೆಮೋನಿಯಸ್ ಎಂಬ ಕಂದು ಚಿಟ್ಟೆಯ ಮರಿಹುಳಗಳಿಗೆ ಆಹಾರ. ಎಲೆಯಲ್ಲಿ ತೂತು ಕಂಡೊಡನೆ ವಿಷ ಸಿಂಪಡಿಸುವ ಅಗತ್ಯವಿಲ್ಲ.

ತವರಿನಲ್ಲಿ ನಿರುಪದ್ರವಿಯಾದ ಈ ಗಿಡವು ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ ಹಬ್ಬಿ ಕಳೆಯೆಂದು ಘೋಷಿತವಾಗಿದೆ. ಆದ್ದರಿಂದ ಊರಿನ ನೆನಪಿಗೆಂದು ಇದರ ಬೀಜವನ್ನು ವಿದೇಶಕ್ಕೆ ಒಯ್ಯುವುದು ಉಚಿತವಲ್ಲ.