ಸೇಬಿನ ಸಾಸ್: ಒಲೆ ಮಾಡುವ ಕೆಲಸ, ಫ್ರೀಜರ್ ಮಾಡದ ಕೆಲಸ

ಸೆಪ್ಟೆಂಬರ್ ಬಂತೆಂದರೆ ನ್ಯೂಯಾರ್ಕ್, ಮಿಶಿಗನ್, ಮ್ಯಾಸಚೂಸೆಟ್ಸ್ ಕಡೆಯ ಸೇಬಿನ ತೋಟಗಳು ಜನರಿಗೆ ಬಾಗಿಲು ತೆರೆಯುತ್ತವೆ. ಮಕ್ಕಳನ್ನು ಕರೆದುಕೊಂಡು ಹೋಗಿ, ತಾವೇ ಹಣ್ಣು ಕಿತ್ತು, ಚೀಲದ ಲೆಕ್ಕದಲ್ಲಿ ದುಡ್ಡು ಕೊಟ್ಟು ಬರುವುದು ಅಲ್ಲಿ ನೆಲೆಸಿದ ಎಷ್ಟೋ ಕನ್ನಡದ ಮನೆಗಳಿಗೂ ವಾಡಿಕೆಯಾಗಿದೆ. ಅರ್ಧ ಬುಶೆಲ್‌ನ ಒಂದು ಚೀಲದಲ್ಲಿ 9–10 ಕಿಲೋ ಹಣ್ಣು ಹಿಡಿಯುತ್ತದೆ. ನಾಲ್ಕು ದಿನ ತಿಂದು, ಅಕ್ಕಪಕ್ಕದವರಿಗೆ ಹಂಚಿದರೂ ಮುಗಿಯದ ಹಣ್ಣನ್ನು ಹೆಚ್ಚಿ, ಬೇಯಿಸಿ, ಕಿವುಚಿ ಸಾಸ್ ಮಾಡಿ ಫ್ರೀಜರಿನಲ್ಲಿಡುತ್ತಾರೆ. ಜರ್ಮನಿಯಲ್ಲಿ ಆಲೂಗಡ್ಡೆಯ ರೊಟ್ಟಿಗೆ, ಯಹೂದಿಗಳ ಹನುಕ್ಕಾ ಹಬ್ಬದ ಲಾಟ್ಕೆಗೆ, ಇಂಗ್ಲೆಂಡಿನಲ್ಲಿ ಹಂದಿಮಾಂಸದ ಜೊತೆಗೆ ಬಡಿಸುವ ಪದಾರ್ಥ ಇದು. 1962ರಲ್ಲಿ ಭೂಮಿಯನ್ನು ಸುತ್ತಿದ ಮೊದಲ ಅಮೆರಿಕನ್ ಗಗನಯಾತ್ರಿ ಜಾನ್ ಗ್ಲೆನ್ ಬಾಹ್ಯಾಕಾಶದಲ್ಲಿ ಟ್ಯೂಬಿನಿಂದ ಹಿಂಡಿಕೊಂಡು ತಿಂದದ್ದೂ ಇದನ್ನೇ.

ಮಾಡುವುದು ಸುಲಭ. ಆದರೆ ಅವರಿವರು ಹೇಳಿದ ಮಾತುಗಳನ್ನು ನಂಬಿ ಮಾಡುವವರೇ ಹೆಚ್ಚು, ಆ ಮಾತುಗಳಲ್ಲಿ ಕೆಲವು ನಿಜಕ್ಕೂ ಅಪಾಯದವು. ಒಲೆ ಎಲ್ಲವನ್ನೂ ಶುದ್ಧ ಮಾಡುತ್ತದೆ, ಒಲೆಗೆ ತಪ್ಪಿಸಿಕೊಂಡದ್ದನ್ನು ಫ್ರೀಜರ್ ನೋಡಿಕೊಳ್ಳುತ್ತದೆ ಎಂಬ ಭರವಸೆಯೇ ಇವುಗಳಲ್ಲಿ ಬಹುಪಾಲಿಗೆ ಮೂಲ. ಬೆಂಕಿ ಏನು ಮಾಡಬಲ್ಲದು, ಚಳಿ ಏನು ಮಾಡಬಲ್ಲದು ಎಂಬುದನ್ನು ಬಿಡಿಸಿ ನೋಡಿದರೆ ಗೊಂದಲ ತಾನಾಗಿ ಕರಗುತ್ತದೆ.

“ಕೊಳೆತ ಹಣ್ಣಾದರೇನು, ಹೇಗೂ ಬೇಯಿಸುತ್ತೇವಲ್ಲ”

ಎಲ್ಲಕ್ಕಿಂತ ಮೊದಲು ಬಿಡಬೇಕಾದ ನಂಬಿಕೆ ಇದು. ಒಳ್ಳೆಯ ಹಣ್ಣನ್ನು ತಿನ್ನಲು ಇಟ್ಟುಕೊಂಡು, ಬುಟ್ಟಿಯ ತಳದಲ್ಲಿ ಮೆತ್ತಗಾದದ್ದು, ಬೂಸ್ಟು ಹಿಡಿದದ್ದು ಎಲ್ಲವನ್ನೂ ಸಾಸಿಗೆ ಹಾಕುವ ಪದ್ಧತಿ ಹಲವು ಕಡೆ ಇದೆ.

ಪೆಟ್ಟು ಬಿದ್ದ ಹಣ್ಣು ಬೇರೆ, ಕೊಳೆತ ಹಣ್ಣು ಬೇರೆ. ಕೆಳಗೆ ಬಿದ್ದು ಕಂದಿದ ಜಾಗ, ವಕ್ರ ಆಕಾರ, ಸಿಪ್ಪೆಯ ಮೇಲಿನ ಒರಟು ಕಲೆ ಇವುಗಳಿಂದ ಯಾವ ತೊಂದರೆಯೂ ಇಲ್ಲ. ಕಂದಿದ್ದನ್ನು ಕತ್ತರಿಸಿ ತೆಗೆದು ಧಾರಾಳವಾಗಿ ಬಳಸಬಹುದು. ಆದರೆ ಸೇಬನ್ನು ಕೊಳೆಸುವ ಪೆನಿಸಿಲಿಯಂ ಎಕ್ಸ್‌ಪ್ಯಾನ್ಸಮ್ ಎಂಬ ನೀಲಿ ಬೂಸ್ಟು ತಾನು ಬೆಳೆಯುತ್ತಲೇ ಪ್ಯಾಟುಲಿನ್ ಎಂಬ ವಿಷವಸ್ತುವನ್ನು ಹಣ್ಣಿನೊಳಗೆ ಬಿಡುತ್ತದೆ. ಬೂಸ್ಟು ಕುದಿಯುವ ಶಾಖಕ್ಕೆ ಸಾಯುತ್ತದೆ. ಅದು ಬಿಟ್ಟುಹೋದ ವಿಷ ಪೂರ್ತಿ ಸಾಯುವುದಿಲ್ಲ, ಹುಳಿಯಿರುವ ಪದಾರ್ಥದಲ್ಲಂತೂ ಪ್ಯಾಟುಲಿನ್ ಶಾಖವನ್ನು ಚೆನ್ನಾಗಿಯೇ ತಡೆದುಕೊಳ್ಳುತ್ತದೆ. ಕೊಳೆತ ಜಾಗದ ಪಕ್ಕದ, ನೋಡಲು ಚೆನ್ನಾಗಿರುವ ತಿರುಳಿಗೂ ಅದು ಸ್ವಲ್ಪ ಹರಡಿರುತ್ತದೆ. ಹಾಗಾಗಿಯೇ ಸರ್ಕಾರಗಳು ಇದಕ್ಕೆ ಮಿತಿ ಹಾಕಿವೆ: ಅಮೆರಿಕದಲ್ಲಿ ಸೇಬಿನ ರಸದ ಒಂದು ಕಿಲೋಗೆ 50 ಮೈಕ್ರೋಗ್ರಾಂ, ಯುರೋಪಿನಲ್ಲಿ ಸೇಬಿನ ಸಾಸಿನಂಥ ಗಟ್ಟಿ ಪದಾರ್ಥಕ್ಕೆ 25, ಶಿಶುಗಳ ಆಹಾರಕ್ಕೆ ಬರೀ 10. ಕಾರ್ಖಾನೆಯಲ್ಲಿ ಪರೀಕ್ಷೆ ಇದೆ, ಮನೆಯಲ್ಲಿ ಇಲ್ಲ. ಬೂಸ್ಟು ಕಂಡ ಹಣ್ಣನ್ನು ಇಡಿಯಾಗಿ ಎಸೆಯುವುದೇ ನಾವು ಮಾಡಬಹುದಾದ ಪರೀಕ್ಷೆ. ಮಗುವಿಗೆಂದು ಮಾಡುವ ಸಾಸಿನಲ್ಲಿ ಇದಕ್ಕೆ ವಿನಾಯಿತಿಯೇ ಬೇಡ.

ನೆಲಕ್ಕೆ ಬಿದ್ದ ಹಣ್ಣಿನ ಕಥೆ ಇದಕ್ಕೆ ತದ್ವಿರುದ್ಧ. ತೋಟದಲ್ಲಿ ಓಡಾಡುವ ಜಿಂಕೆ, ದನಗಳ ಸಗಣಿಯಿಂದ ಅದಕ್ಕೆ ಇ. ಕೊಲೈಯಂಥ ರೋಗಾಣು ಅಂಟಿರಬಹುದು. 1996ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಕಾಯಿಸದ ಸೇಬಿನ ರಸ ಕುಡಿದು ಹಲವರು ಕಾಯಿಲೆ ಬಿದ್ದರು, ಒಂದು ಮಗು ತೀರಿಕೊಂಡಿತು. ಆ ರೋಗಾಣುವನ್ನು ಬೆಂಕಿ ಖಂಡಿತ ಕೊಲ್ಲುತ್ತದೆ, ಚೆನ್ನಾಗಿ ಕುದಿಸಿದ ಸಾಸಿನಲ್ಲಿ ಅದರ ಭಯವಿಲ್ಲ. ಜೀವಾಣುವಿಗೆ ಒಲೆಯೇ ಮದ್ದು, ವಿಷಕ್ಕೆ ಅಲ್ಲ.

“ಕುಕ್ಕರಿನಲ್ಲಿ ಎರಡು ಕೂಗು ಕೂಗಿಸಿದರೆ ಮುಗೀತು”

ಬೇಳೆಯಿಂದ ಹಿಡಿದು ಆಲೂಗಡ್ಡೆಯವರೆಗೆ ಎಲ್ಲವನ್ನೂ ಕುಕ್ಕರಿಗೆ ಹಾಕಿ ರೂಢಿಯಾದ ನಮಗೆ ಇದು ಸಹಜವಾಗಿ ಹೊಳೆಯುವ ದಾರಿ. ಆದರೆ ಅಮೆರಿಕದ ಪ್ರೆಶರ್ ಕುಕ್ಕರುಗಳ ಕೈಪಿಡಿ ತೆರೆದರೆ, ಬೇಯಿಸಬಾರದ ಪದಾರ್ಥಗಳ ಪಟ್ಟಿಯಲ್ಲಿ ಸೇಬಿನ ಸಾಸಿನ ಹೆಸರು ಸಾಮಾನ್ಯವಾಗಿ ಇರುತ್ತದೆ. ಬೆಂದ ಸೇಬು ನೊರೆಯೆದ್ದು ಉಕ್ಕಿ ಸಿಡಿಯುತ್ತದೆ. ಆ ಅಂಟು ನೊರೆ ಆವಿ ಹೋಗುವ ರಂಧ್ರವನ್ನು ಮುಚ್ಚಿದರೆ ಒತ್ತಡ ಹೊರಬರಲು ಜಾಗವಿರುವುದಿಲ್ಲ. ಮುಚ್ಚಳ ತೆರೆದ ಮೇಲೂ ಬಿಸಿ ಗುಳ್ಳೆ ಒಡೆದು ಮುಖಕ್ಕೆ ಹಾರಬಹುದು. ಉಳಿಯುವ ಸಮಯವಾದರೂ ಎಷ್ಟು? ತೆಳುವಾಗಿ ಹೆಚ್ಚಿದ ಸೇಬು ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ, ತಳ ಹಿಡಿಯದಷ್ಟು ನೀರಿನಲ್ಲಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿಟ್ಟರೆ 15–20 ನಿಮಿಷದಲ್ಲಿ ಮೆತ್ತಗಾಗುತ್ತದೆ. ಹಣ್ಣಿನ ಹುಳಿಗೆ ಲೋಹ ಬಿಟ್ಟುಕೊಳ್ಳುವ ಅಲ್ಯೂಮಿನಿಯಂ ಪಾತ್ರೆಯಾಗಲಿ, ಕಲಾಯಿ ಹೋದ ಹಿತ್ತಾಳೆಯಾಗಲಿ ಬೇಡ.

“ಸಿಪ್ಪೆ, ಬೀಜ ಎರಡನ್ನೂ ಮೊದಲೇ ತೆಗೆಯಲೇಬೇಕು”

ಸೇಬಿನ ಬೀಜದಲ್ಲಿ ಅಮಿಗ್ಡಲಿನ್ ಎಂಬ ವಸ್ತು ಇರುವುದು ನಿಜ. ಬೀಜವನ್ನು ಜಗಿದಾಗ ಅಥವಾ ಅರೆದಾಗ ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಆದರೆ ಇಡೀ ಬೀಜದ ಗಟ್ಟಿ ಕವಚ ಒಡೆಯದೆ ಹಾಗೆಯೇ ಹೊಟ್ಟೆ ದಾಟುತ್ತದೆ. ಮಗು ಒಂದೆರಡು ಬೀಜ ನುಂಗಿತೆಂದು ಗಾಬರಿಯಾಗುವ ಅಗತ್ಯವಿಲ್ಲ.

ಇಲ್ಲಿ ನೋಡಬೇಕಾದದ್ದು ಯಾವ ಸಾಧನ ಬಳಸುತ್ತೇವೆ ಎಂಬುದನ್ನು. ಫುಡ್ ಮಿಲ್ ಎಂಬ, ಕೈಯಲ್ಲಿ ತಿರುಗಿಸುವ ಜರಡಿ ಇದ್ದರೆ ಹಣ್ಣನ್ನು ತೊಳೆದು ನಾಲ್ಕು ಹೋಳು ಮಾಡಿ ಸಿಪ್ಪೆ, ಬೀಜದ ಗೂಡು ಸಮೇತ ಬೇಯಿಸಬಹುದು. ತಿರುಳು ಕೆಳಗಿಳಿಯುತ್ತದೆ, ಸಿಪ್ಪೆ ಬೀಜ ಮೇಲೇ ಉಳಿಯುತ್ತವೆ. ಸಾಸಿಗೆ ಮೈ ಕೊಡುವ ಪೆಕ್ಟಿನ್ ಹೆಚ್ಚಿರುವುದು ಸಿಪ್ಪೆ ಮತ್ತು ಬೀಜದ ಗೂಡಿನಲ್ಲೇ, ಕೆಂಪು ಸಿಪ್ಪೆಯಿಂದ ಸಾಸಿಗೆ ಎಳೆಗುಲಾಬಿ ಬಣ್ಣವೂ ಬರುತ್ತದೆ. ಮಿಕ್ಸಿಯಲ್ಲಿ ರುಬ್ಬುವವರು ಮಾತ್ರ ಬೀಜದ ಗೂಡನ್ನು ಮೊದಲೇ ತೆಗೆಯಬೇಕು, ಮಿಕ್ಸಿಯ ಅಲಗು ಬೀಜವನ್ನು ಪುಡಿ ಮಾಡುತ್ತದೆ. ಸಿಪ್ಪೆಯನ್ನು ಬೇಕಾದರೆ ಹಣ್ಣಿನ ಜೊತೆಯಲ್ಲೇ ನುಣ್ಣಗೆ ರುಬ್ಬಿ. ಸುಲಿದು ಎಸೆದಾಗ ಹೋಗುವುದು ನಾರಿನಂಶ.

“ಸಕ್ಕರೆ ಹಾಕದಿದ್ದರೆ ಕೆಡುತ್ತದೆ”

ಜಾಮಿನ ಲೆಕ್ಕವನ್ನು ಸಾಸಿಗೆ ಹಚ್ಚಿದ್ದರಿಂದ ಬಂದ ತಪ್ಪು ಇದು. ಜಾಮಿನಲ್ಲಿ ಹಣ್ಣಿನ ತೂಕಕ್ಕೆ ಹತ್ತಿರ ಹತ್ತಿರ ಸಕ್ಕರೆ ಬೀಳುತ್ತದೆ, ಅದು ನೀರನ್ನು ಹಿಡಿದಿಟ್ಟು ಜೀವಾಣುಗಳಿಗೆ ಸಿಗದಂತೆ ಮಾಡುತ್ತದೆ. ಸಾಸಿಗೆ ನಾವು ಹಾಕುವ ನಾಲ್ಕು ಚಮಚ ಬರೀ ರುಚಿಗೆ. ಫ್ರೀಜರಿನಲ್ಲಿಡುವ ಸಾಸಿಗೆ ಸಕ್ಕರೆ ಬೇಕೇ ಇಲ್ಲ.

ಸಕ್ಕರೆ ಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು ಹಣ್ಣಿನ ತಳಿ. ಅಮೆರಿಕದ ಈಶಾನ್ಯ ಭಾಗದ ಮೆಕಿಂಟಾಷ್, ಇಂಗ್ಲೆಂಡಿನ ಬ್ರ್ಯಾಮ್ಲಿ ಬಿಸಿ ತಾಗಿದೊಡನೆ ಕುಸಿದು ಮುದ್ದೆಯಾಗುತ್ತವೆ, ಹುಳಿಯೂ ಇರುತ್ತದೆ. ಗ್ರ್ಯಾನಿ ಸ್ಮಿತ್ ಒಂದನ್ನೇ ಹಾಕಿದರೆ ಹಲ್ಲು ಚುಳ್ಳೆನ್ನುತ್ತದೆ. ಗಾಲಾ, ಫ್ಯೂಜಿ, ಗೋಲ್ಡನ್ ಡೆಲಿಶಿಯಸ್ ತಾವೇ ಸಿಹಿ. ಒಂದು ಹುಳಿ ತಳಿ, ಒಂದು ಸಿಹಿ ತಳಿ ಬೆರೆಸಿದರೆ ಸಕ್ಕರೆ ಡಬ್ಬಿ ಮುಟ್ಟದೆ ಒಳ್ಳೆಯ ಸಾಸ್ ಆಗುತ್ತದೆ. ಬೆಂಗಳೂರಿನ ಅಂಗಡಿಯಲ್ಲಿ ಶಿಮ್ಲಾ ಸೇಬು ಎಂದು ಸಿಗುವುದು ಬಹುಪಾಲು ಡೆಲಿಶಿಯಸ್ ವಂಶದ್ದು. ಫಿಲಡೆಲ್ಫಿಯಾದಿಂದ ಬಂದು ಸತ್ಯಾನಂದರಾದ ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರಲ್ಲಿ ಹಿಮಾಚಲದ ಕೋಟಗಢದಲ್ಲಿ ಬೆಳೆಸಲು ಶುರುಮಾಡಿದ ಅಮೆರಿಕದ ತಳಿ ಅದು. ಸಿಹಿ ಇದೆ, ಹುಳಿ ಕಡಿಮೆ. ಅದರ ಸಾಸ್ ಸಪ್ಪೆ ಎನಿಸಿದರೆ ಸಕ್ಕರೆಯ ಬದಲು ನಿಂಬೆರಸ ಹಿಂಡಿ ನೋಡಿ.

ನಿಂಬೆರಸ ಹಾಕದಿದ್ದರೆ ಸಾಸ್ ಕಪ್ಪಾಗುತ್ತದೆ ಎನ್ನುವುದು ಅರ್ಧ ಸತ್ಯ. ಹೆಚ್ಚಿದ ಸೇಬು ಕಂದಾಗಲು ಕಾರಣ ಅದರೊಳಗಿನ ಒಂದು ಕಿಣ್ವ. ಗಾಳಿ ತಾಗಿದೊಡನೆ ಅದು ಕೆಲಸ ಶುರುಮಾಡುತ್ತದೆ. ನಿಂಬೆ ಅದನ್ನು ನಿಧಾನಿಸುತ್ತದೆ, ಕುದಿಯುವ ಶಾಖ ನಿಲ್ಲಿಸಿಯೇಬಿಡುತ್ತದೆ. ಹೆಚ್ಚಿ ಒಲೆಗೆ ಏರಿಸುವವರೆಗಿನ ಹೊತ್ತಿಗೆ ಮಾತ್ರ ನಿಂಬೆ ಬೇಕು. ಚಳಿಗೆ ಆ ಕಿಣ್ವ ಸಾಯುವುದಿಲ್ಲವಾದ್ದರಿಂದ ಹಸಿಯಾಗಿ ರುಬ್ಬಿ ಫ್ರೀಜರಿಗಿಟ್ಟ ಸೇಬು ಕರಗುವಾಗ ಕಂದಾಗುತ್ತದೆ, ಬೇಯಿಸಿ ಇಟ್ಟದ್ದು ಬಣ್ಣ ಉಳಿಸಿಕೊಳ್ಳುತ್ತದೆ.

“ಫ್ರೀಜರಿನಲ್ಲಿಟ್ಟರೆ ಕ್ರಿಮಿಗಳೆಲ್ಲ ಸಾಯುತ್ತವೆ”

ಇಲ್ಲ. –18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅವು ಬೆಳೆಯುವುದಿಲ್ಲ, ಅಷ್ಟೇ. ಎಷ್ಟೋ ಬ್ಯಾಕ್ಟೀರಿಯಾ, ಯೀಸ್ಟುಗಳು ಮಲಗಿ ಕಾಯುತ್ತವೆ, ಪದಾರ್ಥ ಕರಗಿ ಬೆಚ್ಚಗಾದಾಗ ಎದ್ದು ಮತ್ತೆ ಬೆಳೆಯುತ್ತವೆ. ಹಾಗಾಗಿ ಫ್ರೀಜರಿಗೆ ಹೋಗುವ ಮೊದಲಿನ ಒಂದೆರಡು ಗಂಟೆ ಬಹಳ ಮುಖ್ಯ. ದೊಡ್ಡ ಪಾತ್ರೆಯ ಬಿಸಿ ಸಾಸನ್ನು ರಾತ್ರಿಯಿಡೀ ಕಟ್ಟೆಯ ಮೇಲೆ ಆರಲು ಬಿಡುವುದು ತಪ್ಪು. ಹಾಗೆಯೇ ತಂದು ಫ್ರೀಜರಿಗಿಡುವುದೂ ತಪ್ಪು, ಪಕ್ಕದಲ್ಲಿ ಗಟ್ಟಿಯಾಗಿರುವ ಬಟಾಣಿ, ಕಾಯಿತುರಿ ಎಲ್ಲ ಮೆತ್ತಗಾಗುತ್ತವೆ. ಅಗಲವಾದ ತಟ್ಟೆಗಳಿಗೆ ಸುರಿದು, ತಣ್ಣೀರಿನ ಮೇಲಿಟ್ಟು ಕೈಯಾಡಿಸಿದರೆ ಬೇಗ ಆರುತ್ತದೆ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ, ತಣ್ಣಗಾದ ಮೇಲೆ ಫ್ರೀಜರಿಗೆ.

ಗಾಜಿನ ಬಾಟಲಿ ಫ್ರೀಜರಿನಲ್ಲಿ ಒಡೆದೇ ಒಡೆಯುತ್ತದೆ ಎಂಬ ಭಯವೂ ಉಂಟು. ಒಡೆಸುವುದು ಚಳಿಯಲ್ಲ, ಜಾಗವಿಲ್ಲದಿರುವುದು. ನೀರು ಗಟ್ಟಿಯಾಗುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಸೇಬಿನಲ್ಲಿ ಶೇ 85ರಷ್ಟು ನೀರೇ. ಅಗಲ ಬಾಯಿಯ, ನೆಟ್ಟಗಿನ ಗೋಡೆಯ ಬಾಟಲಿಯಾದರೆ ಅರ್ಧ ಲೀಟರಿಗೆ ಒಂದೂಕಾಲು ಸೆಂಟಿಮೀಟರ್, ಒಂದು ಲೀಟರಿಗೆ ಎರಡೂವರೆ ಸೆಂಟಿಮೀಟರ್ ಮೇಲೆ ಖಾಲಿ ಬಿಡಬೇಕು. ಕುತ್ತಿಗೆ ಕಿರಿದಾದ ಬಾಟಲಿ ಬೇಡವೇ ಬೇಡ. ಜಿಪ್ ಚೀಲಕ್ಕೆ ತುಂಬಿ ಗಾಳಿ ತೆಗೆದು ಪುಸ್ತಕದಂತೆ ಚಪ್ಪಟೆಯಾಗಿ ಮಲಗಿಸುವುದು ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದ ದಾರಿ: ಬೇಗ ಗಟ್ಟಿಯಾಗುತ್ತದೆ, ಬೇಗ ಕರಗುತ್ತದೆ, ಜಾಗ ಕಡಿಮೆ ಸಾಕು. ಮಗುವಿಗಾದರೆ ಐಸ್ ಟ್ರೇಯಲ್ಲಿ ಹೊಯ್ದು ಬಿಲ್ಲೆ ಮಾಡಿಟ್ಟುಕೊಳ್ಳಬಹುದು.

ಎಷ್ಟು ದಿನ? –18ರಲ್ಲಿ ಕದಲದೆ ಇದ್ದರೆ ವರ್ಷ ಕಳೆದರೂ ಅಪಾಯವಿಲ್ಲ, ಒಳ್ಳೆಯ ರುಚಿ ಇರುವುದು 8ರಿಂದ 12 ತಿಂಗಳು. ಒಂದೇ ಬಾಗಿಲಿನ ಫ್ರಿಜ್ಜಿನ ಮೇಲ್ಗಡೆಯ ಐಸಿನ ಗೂಡು ಅಷ್ಟು ತಣ್ಣಗಾಗದಿರಬಹುದು, ಅಲ್ಲಿಟ್ಟದ್ದನ್ನು ಕೆಲವು ವಾರಗಳಲ್ಲಿ ಮುಗಿಸುವುದು ಲೇಸು. ಕರೆಂಟು ಹೋದರೆ ತುಂಬಿದ ಫ್ರೀಜರ್ ಬಾಗಿಲು ತೆರೆಯದಿದ್ದಲ್ಲಿ ಎರಡು ದಿನದ ಹತ್ತಿರ ತಡೆಯುತ್ತದೆ, ಅರ್ಧ ತುಂಬಿದ್ದು ಒಂದು ದಿನ. ಸಾಸಿನಲ್ಲಿ ಇನ್ನೂ ಮಂಜಿನ ಹರಳು ಕಾಣುತ್ತಿದ್ದರೆ ಮತ್ತೆ ಗಟ್ಟಿ ಮಾಡಬಹುದು. “ಒಮ್ಮೆ ಕರಗಿದ್ದನ್ನು ಮತ್ತೆ ಇಡಲೇಬಾರದು” ಎನ್ನುವುದು ಹೊರಗೆ ಬಿಸಿಲಿನಲ್ಲಿ ಕರಗಿದ್ದಕ್ಕೆ ಸರಿ, ಫ್ರಿಜ್ಜಿನೊಳಗೇ ಕರಗಿದ್ದಕ್ಕೆ ಅಲ್ಲ. ರುಚಿ ಸ್ವಲ್ಪ ಇಳಿಯುತ್ತದೆ, ಅಷ್ಟೇ.

ಇನ್ನು ಕೆಲವರು ಬಿಸಿ ಸಾಸನ್ನು ಬಾಟಲಿಗೆ ತುಂಬಿ, ಮುಚ್ಚಳ ಟಕ್ಕೆಂದು ಕೂತಿತೆಂದು ಅಲಮಾರಿನಲ್ಲಿಡುತ್ತಾರೆ. ಅಷ್ಟು ಸಾಲದು. ಹೊರಗಿಡುವುದಾದರೆ ತುಂಬಿದ ಬಾಟಲಿಯನ್ನು ಮತ್ತೆ ಕುದಿನೀರಿನಲ್ಲಿ ಮುಳುಗಿಸಿ ಸಂಸ್ಕರಿಸಬೇಕು. ಒಂದು ಲೀಟರಿನ ಹತ್ತಿರದ ಬಾಟಲಿಗೆ ಸಮುದ್ರಮಟ್ಟದಲ್ಲಿ 20 ನಿಮಿಷ. ಎತ್ತರದಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುವುದರಿಂದ ಡೆನ್ವರ್‌ನಲ್ಲಿ 30 ನಿಮಿಷ ಬೇಕು. ಬೆಂಗಳೂರೂ ಎತ್ತರದ ಊರೇ, ನೀರು ಇಲ್ಲಿ 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ.

“ಮನೆಯಲ್ಲಿ ಮಾಡಿದ್ದು, ಮಗುವಿಗೆ ಏನೂ ಆಗುವುದಿಲ್ಲ”

ಆರು ತಿಂಗಳು ತುಂಬಿದ ಮಗುವಿಗೆ ಸೇಬಿನ ಸಾಸ್ ಒಳ್ಳೆಯ ಆಹಾರವೇ. ಆದರೆ ಸಕ್ಕರೆ ಬೇಡವೆಂದು ಜೇನುತುಪ್ಪ ಬೆರೆಸುವ ಮನೆಗಳಿವೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಅದರಲ್ಲಿರಬಹುದಾದ ಬೊಟುಲಿಸಮ್ ರೋಗದ ಬೀಜಕಣಗಳು ಸಾಸ್ ಕುದಿಸಿದ ಮಾತ್ರಕ್ಕೆ ಸಾಯುವುದಿಲ್ಲ, ಎಳೆಯ ಕರುಳಿನಲ್ಲಿ ಮೊಳೆತು ವಿಷ ಹುಟ್ಟಿಸಬಲ್ಲವು. ದಾಲ್ಚಿನ್ನಿಯ ಬಗ್ಗೆಯೂ ಒಂದು ಮಾತು: 2023ರಲ್ಲಿ ಅಮೆರಿಕದಲ್ಲಿ ಮಕ್ಕಳ ಸೇಬು-ದಾಲ್ಚಿನ್ನಿ ಪೊಟ್ಟಣಗಳಲ್ಲಿ ಸೀಸ ಪತ್ತೆಯಾಗಿ ಅವನ್ನು ಹಿಂದಕ್ಕೆ ತರಿಸಬೇಕಾಯಿತು. ಸೀಸ ಬಂದದ್ದು ಹಣ್ಣಿನಿಂದಲ್ಲ, ದಾಲ್ಚಿನ್ನಿ ಪುಡಿಯಿಂದ. ಎಳೆ ಮಗುವಿನ ಸಾಸಿಗೆ ಮಸಾಲೆಯೇ ಬೇಕಿಲ್ಲ.

ಭೇದಿಯಾದಾಗ ಬಾಳೆಹಣ್ಣು, ಅನ್ನ, ಸೇಬಿನ ಸಾಸ್, ಟೋಸ್ಟ್ ಮಾತ್ರ ಕೊಡುವ ಪಥ್ಯ ಅಮೆರಿಕದಲ್ಲಿ ಬಹಳ ಕಾಲ ನಡೆದಿತ್ತು. ಅಲ್ಲಿನ ಮಕ್ಕಳ ವೈದ್ಯರು ಈಗ ಅದನ್ನು ಹೇಳುವುದಿಲ್ಲ, ಇಷ್ಟರಲ್ಲೇ ದಿನಗಟ್ಟಲೆ ಇಟ್ಟರೆ ಮಗುವಿಗೆ ಬೇಕಾದ ಪ್ರೋಟೀನು, ಕೊಬ್ಬು ಸಿಗುವುದಿಲ್ಲ. ಮೊದಲು ಬೇಕಾದದ್ದು ಓಆರ್‌ಎಸ್, ನಂತರ ಮಗು ತಿನ್ನುವ ಎಂದಿನ ಊಟ. ಸಾಸ್ ಅದರಲ್ಲಿ ಒಂದು ಪಾಲು ಆಗಿರಲಿ.

“ಕೇಕಿಗೆ ಎಣ್ಣೆ, ಮೊಟ್ಟೆ ಎರಡರ ಬದಲೂ ಇದೇ ಸಾಕು”

ಮೊಟ್ಟೆ ತಿನ್ನದ ನಮ್ಮ ಮನೆಗಳಲ್ಲಿ ಸೇಬಿನ ಸಾಸ್ ಜನಪ್ರಿಯವಾಗಿರುವುದೇ ಇದಕ್ಕೆ. ಒಂದು ಮೊಟ್ಟೆಯ ಬದಲು ಕಾಲು ಕಪ್ ಸಾಸ್ ಹಾಕುವ ಲೆಕ್ಕ ಚೆನ್ನಾಗಿಯೇ ಒದಗುತ್ತದೆ. ಎಣ್ಣೆಯ ಜಾಗದಲ್ಲಿ ಪೂರ್ತಿ ಇದನ್ನೇ ಸುರಿದರೆ ಮಾತ್ರ ಕೇಕು ರಬ್ಬರಿನಂತೆ ಜಗ್ಗುತ್ತದೆ, ಏಕೆಂದರೆ ಹಿಟ್ಟಿನ ಅಂಟನ್ನು ಸಡಿಲಿಸುವುದು ಕೊಬ್ಬು, ಸಾಸಿನಲ್ಲಿ ಅದು ಇಲ್ಲ. ಅರ್ಧ ಎಣ್ಣೆ ಉಳಿಸಿಕೊಂಡು ಉಳಿದರ್ಧಕ್ಕೆ ಸಾಸ್ ಹಾಕಿ. ಫ್ರೀಜರಿನಿಂದ ತೆಗೆದದ್ದಾದರೆ ಮೇಲೆ ನೀರು ಬಿಟ್ಟುಕೊಂಡಿರುತ್ತದೆ. ಅದು ಕೆಟ್ಟದ್ದರ ಗುರುತಲ್ಲ, ಮಂಜಿನ ಹರಳು ತಿರುಳಿನ ಹಿಡಿತವನ್ನು ಒಡೆದಿರುತ್ತದೆ. ತಿನ್ನಲಾದರೆ ಕಲಕಿದರೆ ಸಾಕು. ಕೇಕಿಗಾದರೆ ಬಾಣಲೆಯಲ್ಲಿ ಕೆಲವು ನಿಮಿಷ ಕೈಯಾಡಿಸಿ ಆ ನೀರನ್ನು ಇಂಗಿಸಿ, ಆರಿದ ಮೇಲೆ ಅಳೆದು ಹಾಕಿ.